ಪೆಟ್ಟಿಗೆಯೊಳಗೆ ಏನಿದೆ, ಬರೆದಿಡಿ

ವೈರಮುಡಿಯ ದಿನ ಕೋಳಿ ಕೂಗುವ ಹೊತ್ತಿಗೇ ನಮ್ಮಜ್ಜಿ ಮನೆ ಮುಂದಿನ ರಸ್ತೆ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಬಿಟ್ಟು ಕಾಯುತ್ತಿದ್ದಳು. ನಮ್ಮದು ಮಂಡ್ಯದಿಂದ ಮೇಲುಕೋಟೆಗೆ ಹೋಗುವ ದಾರಿಯ ಊರು. ಊರ ಬಾಗಿಲಿಗೆ ಮಾವಿನ ಸೊಪ್ಪಿನ ತೋರಣ, ತಟ್ಟೆಯಲ್ಲಿ ಹಣ್ಣು ಕಾಯಿ, ಕರ್ಪೂರ. ಕಿರೀಟದ ಗಾಡಿ ಬಂದು ನಿಂತರೆ ನಮಗೆ ಕಾಣುತ್ತಿದ್ದದ್ದು ಹೂವಿನಡಿ ಮುಚ್ಚಿಹೋದ ಪೆಟ್ಟಿಗೆ, ಅದರ ಪಕ್ಕದಲ್ಲಿ ಬಂದೂಕು ಹಿಡಿದು ನಿಂತ ಪೊಲೀಸರು, ಅಷ್ಟೆ. ಕಿರೀಟವನ್ನು ಆ ದಾರಿಯಲ್ಲಿ ಯಾರೂ ನೋಡುವಂತಿಲ್ಲ. ಅಜ್ಜಿ ಆರತಿ ಎತ್ತಿ, ಕೈಮುಗಿದು, ಆಮೇಲೆ ಹತ್ತಿರ ನಿಂತ ಪೊಲೀಸಿನವನನ್ನು ಪ್ರತಿವರ್ಷವೂ ಒಂದೇ ಮಾತು ಕೇಳುತ್ತಿದ್ದಳು: "ಎಲ್ಲಾ ಸರ್ಯಾಗೈತೇನಪ್ಪ?" ಅವನೂ ಪ್ರತಿವರ್ಷ "ಐತೆ ಕಣವ್ವ" ಅನ್ನುತ್ತಿದ್ದ.

ಆ ಪೆಟ್ಟಿಗೆ ವರ್ಷದ ಉಳಿದ ದಿನ ಎಲ್ಲಿರುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ದೇವರ ಕಿರೀಟ ದೇವಸ್ಥಾನದಲ್ಲೇ ಇರುತ್ತದೆ ಎಂದುಕೊಂಡಿದ್ದೆ. ಅದಿರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಛಾಪಾ ಕಾಗದ, ಪಿಯುಸಿ ಪ್ರಶ್ನೆಪತ್ರಿಕೆಯ ಬಂಡಲುಗಳನ್ನೆಲ್ಲ ಕಾಯುವಂಥ ಸರ್ಕಾರಿ ಭದ್ರತಾ ಕೊಠಡಿಯಲ್ಲಿ, ಬೀಗಮುದ್ರೆಯಡಿ, ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿ ಮತ್ತು ರಾಜಮುಡಿ ಎಂಬ ಎರಡೂ ಕಿರೀಟಗಳು ಇರುತ್ತವೆ. ಉತ್ಸವದ ದಿನ ಅಧಿಕಾರಿಗಳ ಮುಂದೆ ಬೀಗ ತೆಗೆದು, ಮಂಡ್ಯದಲ್ಲೇ ಮೊದಲ ಪೂಜೆ ಮಾಡಿಸಿ, ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಮೇಲುಕೋಟೆಗೆ ಒಯ್ಯುತ್ತಾರೆ.

ನಮ್ಮ ರಾಜ್ಯದ ಸರ್ಕಾರಿ ಖಜಾನೆ ದೇವರ ಒಡವೆಯನ್ನೂ ಕಾಯುತ್ತದೆ ಎಂದರೆ ಎಷ್ಟೋ ಜನ ಇಂದಿಗೂ ನಂಬುವುದಿಲ್ಲ. ಮೈಸೂರಿನ ಚಾಮುಂಡೇಶ್ವರಿಯ ಆಭರಣಗಳೂ ಖಜಾನೆಯಿಂದಲೇ ಬೆಟ್ಟ ಹತ್ತುತ್ತವೆ. ಅರಸರ ಕಾಲದ ಕೊಡುಗೆಗಳು ಸರ್ಕಾರದ ಸುಪರ್ದಿಗೆ ಬಂದದ್ದರಿಂದ ಬೆಳೆದ ಪದ್ಧತಿ ಇದು. ರಾಜಮುಡಿಯನ್ನು ಕೊಟ್ಟವರು ರಾಜ ಒಡೆಯರು. ಅವರು ಆಳಿದ್ದು 1578ರಿಂದ 1617ರವರೆಗೆ. ಅಂದರೆ ನಾಲ್ಕು ನೂರು ವರ್ಷದ ಚಿನ್ನ ಅದು. ವೈರಮುಡಿಯ ಕಥೆ ಇನ್ನೂ ಹಳೆಯದು: ಅಸುರ ವಿರೋಚನ ಕದ್ದೊಯ್ದ ಕಿರೀಟವನ್ನು ಗರುಡ ಮರಳಿ ತಂದನಂತೆ. ಪುರಾಣಕ್ಕೂ ಕಳ್ಳತನದ ಭಯ ಇತ್ತು ಎಂಬುದನ್ನು ನಾನು ಸಣ್ಣ ಮಾತು ಎಂದುಕೊಂಡಿಲ್ಲ.

ಮೇಲುಕೋಟೆಯಲ್ಲಿ ನಡೆಯುವ ಒಂದು ಕೆಲಸದ ಬಗ್ಗೆ ಬರೆಯಬೇಕೆಂದೇ ಈ ವಾರ ಕೂತೆ. ಅದಕ್ಕೆ ಅಲ್ಲಿನವರು ಹೇಳುವ ಹೆಸರು ಪಾರ್ಕಾವಣೆ. ಪೆಟ್ಟಿಗೆಗಳು ದೇವಾಲಯ ಸೇರಿದ ಮೇಲೆ ರಾಮಾನುಜರ ಸನ್ನಿಧಿಯಲ್ಲಿ, ಜಿಲ್ಲಾಧಿಕಾರಿಯ ಸಮ್ಮುಖದಲ್ಲಿ, ಸ್ಥಾನೀಕರು, ಅರ್ಚಕರು, ಪರಿಚಾರಕರು ಕೂತು ಒಡವೆಗಳನ್ನು ಪರಿಶೀಲಿಸುತ್ತಾರೆ. ಅದು ಮುಗಿದ ಮೇಲೆಯೇ ಮುಂದಿನ ಕಾರ್ಯ. ವೈರಮುಡಿಯನ್ನು ಮಾತ್ರ ದೇವರ ಮುಡಿಗೇರುವ ಮುನ್ನ ಬರಿಗಣ್ಣಿಂದ ನೋಡಬಾರದೆಂಬ ನಂಬಿಕೆ. ಪ್ರಧಾನ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಅದನ್ನು ಉತ್ಸವಮೂರ್ತಿಗೆ ತೊಡಿಸುತ್ತಾರೆ. ಆ ನಂಬಿಕೆಯನ್ನು ಮುಟ್ಟಬೇಕೆಂದು ನಾನು ಹೇಳುವುದಿಲ್ಲ. ಆ ರಾತ್ರಿ ಗರುಡನ ಮೇಲೆ ಕೂತ ಚೆಲುವರಾಯನ ತಲೆಯ ಮೇಲೆ ಪಂಜಿನ ಬೆಳಕು ಬಿದ್ದಾಗ ನನ್ನ ಕಣ್ಣಲ್ಲೂ ನೀರು ಬಂದಿದೆ. ನಾನು ಹೇಳುತ್ತಿರುವುದು ಪಾರ್ಕಾವಣೆಯ ವಿಚಾರ. ಶತಮಾನಗಳ ಹಿಂದಿನ ಭಕ್ತರಿಗೂ ಒಂದು ವಿಷಯ ಗೊತ್ತಿತ್ತು: ಒಡವೆಯನ್ನು ನಾಲ್ಕು ಜನರ ಮುಂದೆ ತೆಗೆಯಬೇಕು, ನೋಡಬೇಕು, ಲೆಕ್ಕ ಒಪ್ಪಿಸಬೇಕು, ಮತ್ತೆ ಇಡಬೇಕು.

ಮೇಲುಕೋಟೆಗೆ ಈ ಭಾಗ್ಯ ಇದೆ, ಯಾಕೆಂದರೆ ಅಲ್ಲಿ ವರ್ಷಕ್ಕೊಮ್ಮೆ ಉತ್ಸವ ಇದೆ, ಲಕ್ಷಾಂತರ ಕಣ್ಣುಗಳಿವೆ. ಉತ್ಸವ ನಿಂತುಹೋದ, ಅರ್ಚಕರ ಮನೆತನ ಊರು ಬಿಟ್ಟ, ವ್ಯಾಜ್ಯ ಹತ್ತಿಕೊಂಡ ದೇವಸ್ಥಾನಗಳ ಗತಿ ಏನು? ಖಜಾನೆಗೆ ಒಡವೆ ಬರುವುದು ಅರಗಿನ ಮುದ್ರೆ ಒತ್ತಿದ ಪೆಟ್ಟಿಗೆಯಾಗಿ. ಮುದ್ರೆ ಒಡೆಯದಂತೆ ನೋಡಿಕೊಳ್ಳುವುದಷ್ಟೇ ಖಜಾನೆಯವರ ಜವಾಬ್ದಾರಿ. ಒಳಗಿರುವುದು ಅಪ್ಪಟ ಚಿನ್ನವೋ ಗಿಲೀಟೋ ಎಂದು ಅವರು ಹೇಳಲಾರರು, ಹೇಳಬೇಕಾಗಿಯೂ ಇಲ್ಲ. ಬ್ಯಾಂಕಿನ ಲಾಕರ್ ಕೂಡ ಹೀಗೆಯೇ, ಒಳಗೇನಿದೆ ಎಂದು ಬ್ಯಾಂಕಿನವರಿಗೆ ಗೊತ್ತಿರುವುದಿಲ್ಲ. ಆದರೂ ಅಲ್ಲಿ ಬಾಡಿಗೆದಾರ ಬದುಕಿದ್ದಾನೆ, ತನ್ನ ಸರ ಎಷ್ಟು ಎಳೆಯದು ಎಂದು ಅವನಿಗೆ ಗೊತ್ತು. ಬ್ಯಾಂಕಿನವರ ತಪ್ಪಿನಿಂದ ಕಳವಾದರೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಹೊಣೆ ಹೊರಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ನಿಯಮವನ್ನೂ ಮಾಡಿದೆ. ದೇವರು ಬಂದು "ನನ್ನ ಕಾಸಿನ ಸರದಲ್ಲಿ ನಾಲ್ಕು ಕಾಸು ಕಮ್ಮಿ ಇವೆ" ಎಂದು ಅರ್ಜಿ ಕೊಡುವುದಿಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಪುರಿ ಜಗನ್ನಾಥನ ರತ್ನಭಂಡಾರದ ಒಡವೆಗಳನ್ನು ಪೂರ್ತಿಯಾಗಿ ಪಟ್ಟಿ ಮಾಡಿದ್ದು 1978ರಲ್ಲಿ. ಆಮೇಲೆ ನಲವತ್ತು ವರ್ಷ ಯಾರೂ ಆ ಪಟ್ಟಿಯನ್ನು ತಾಳೆ ನೋಡಲಿಲ್ಲ. 2018ರಲ್ಲಿ ಭಂಡಾರ ತೆರೆಯಲು ಹೊರಟರೆ ಒಳಕೋಣೆಯ ಕೀಲಿಕೈಯೇ ಇಲ್ಲ! ಇಡೀ ಒಡಿಶಾ ತಲ್ಲಣಿಸಿತು, ತನಿಖಾ ಆಯೋಗ ಕೂತಿತು, ಕೀಲಿಕೈ ಚುನಾವಣೆಯ ಮಾತಾಯಿತು. ಕೊನೆಗೆ 2024ರ ಜುಲೈ 14ರಂದು ಭಂಡಾರ ತೆರೆದರು. ಶಬರಿಮಲೆಯದು ಇನ್ನೂ ನೋವಿನ ಕಥೆ. ದ್ವಾರಪಾಲಕರ ವಿಗ್ರಹಕ್ಕೆ ಹೊದಿಸಿದ್ದ ಚಿನ್ನದ ಹೊದಿಕೆಯ ತಗಡುಗಳನ್ನು 2019ರಲ್ಲಿ ದುರಸ್ತಿಗೆಂದು ಬಿಚ್ಚಿದಾಗ, ಕಾಗದದಲ್ಲಿ ಬರೆದದ್ದು 'ತಾಮ್ರದ ತಗಡು' ಎಂದು. ಕೇರಳ ಹೈಕೋರ್ಟ್ ವಿಶೇಷ ತನಿಖಾ ತಂಡ ರಚಿಸಿದ್ದು 2025ರಲ್ಲಿ. ಯಾರು ತಪ್ಪಿತಸ್ಥರು ಎಂಬುದನ್ನು ನ್ಯಾಯಾಲಯ ಹೇಳಲಿ. ನನ್ನನ್ನು ನಿದ್ದೆಗೆಡಿಸಿದ್ದು ಆ ಒಂದು ಪದ, ತಾಮ್ರ. ಬೀಗ ಒಡೆಯಲಿಲ್ಲ, ಕನ್ನ ಕೊರೆಯಲಿಲ್ಲ. ವಹಿಯಲ್ಲಿ ಚಿನ್ನ ಎಂದು ಬರೆಯದೇ ಹೋದದ್ದೇ ಸಾಕಾಯಿತು.

ಸರಿಯಾಗಿ ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಬೆಂಗಳೂರಿನಲ್ಲೇ ಉದಾಹರಣೆ ಇದೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಮನೆಯಿಂದ 1996ರಲ್ಲಿ ವಶಪಡಿಸಿಕೊಂಡ ಒಡವೆಗಳು, ಸುಪ್ರೀಂ ಕೋರ್ಟ್ 2003ರಲ್ಲಿ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಕರ್ನಾಟಕಕ್ಕೆ ವರ್ಗಾಯಿಸಿದ ಮೇಲೆ ಇಲ್ಲಿಗೆ ಬಂದು, ವಿಧಾನಸೌಧದ ಖಜಾನೆ ಸೇರಿದ್ದವು. ಆ ನಡುವೆ ಎಷ್ಟು ಸರ್ಕಾರ ಬದಲಾದವು, ಎಷ್ಟು ಅಧಿಕಾರಿಗಳು ನಿವೃತ್ತರಾದರು, ಮೊಕದ್ದಮೆಯ ಮುಖ್ಯ ಆರೋಪಿಯೇ ತೀರಿಕೊಂಡರು. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಅಧಿಕಾರಿಗಳು ಟ್ರಂಕುಗಳ ಸಮೇತ ಬಂದು, ಪಟ್ಟಿ ಹಿಡಿದು ತಾಳೆ ನೋಡಿ, ಸುಮಾರು 27 ಕಿಲೋ ಚಿನ್ನದ ಒಡವೆ ಒಯ್ದರು. ಅಷ್ಟು ವರ್ಷ ನಮ್ಮ ಖಜಾನೆಯವರು ಪಕ್ಕದ ರಾಜ್ಯದ ಚಿನ್ನವನ್ನು ಜೋಪಾನ ಮಾಡಿ ಹಿಂದಿರುಗಿಸಿದ್ದು ನನಗಂತೂ ಹೆಮ್ಮೆಯ ವಿಷಯ. ಅದು ಸಾಧ್ಯವಾದದ್ದು ಪ್ರತಿ ಬಳೆಗೂ ಪ್ರತಿ ಓಲೆಗೂ ನ್ಯಾಯಾಲಯದ ಪಟ್ಟಿಯಲ್ಲಿ ಒಂದು ಸಾಲು ಇದ್ದುದರಿಂದ.

ದೇಶದ ಚಿನ್ನದ ವಿಷಯದಲ್ಲೂ ಹೀಗೆಯೇ. 1991ರ ಜುಲೈನಲ್ಲಿ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಹೊರದೇಶಕ್ಕೆ ಸಾಗಿಸಿ ಅಡ ಇಟ್ಟ ಸುದ್ದಿ ಬಂದಾಗ ಹಳ್ಳಿಯ ಅರಳಿಕಟ್ಟೆಗಳಲ್ಲೂ ಜನ ತಲೆತಗ್ಗಿಸಿದ್ದರು. ತಾಳಿ ಅಡವಿಟ್ಟ ಮನೆಯ ಸಂಕಟ ಅದು. ಇಂದು ರಿಸರ್ವ್ ಬ್ಯಾಂಕ್ ಆರು ತಿಂಗಳಿಗೊಮ್ಮೆ ಲೆಕ್ಕ ಪ್ರಕಟಿಸುತ್ತದೆ. 2024ರ ಮಾರ್ಚಿನಲ್ಲಿ ನಮ್ಮ 822 ಟನ್ನಿನಲ್ಲಿ 408 ಟನ್ ದೇಶದೊಳಗಿತ್ತು. 2025ರ ಸೆಪ್ಟೆಂಬರಿಗೆ 880ರಲ್ಲಿ ಸುಮಾರು 576 ಟನ್ ಮನೆಯಲ್ಲಿತ್ತು. ಹೊರದೇಶದ ನೆಲಮಾಳಿಗೆಗಳಲ್ಲಿ ಎಷ್ಟಿದೆ, ಇಲ್ಲಿ ಎಷ್ಟಿದೆ ಎಂದು ಬಸ್ಸಿನಲ್ಲಿ ಕೂತ ಯಾವ ನಾಗರಿಕನೂ ಫೋನಿನಲ್ಲಿ ನೋಡಬಹುದು. ನೋಡಿದ್ದರಿಂದ ಯಾವ ಕಳ್ಳನೂ ರಿಸರ್ವ್ ಬ್ಯಾಂಕಿಗೆ ನುಗ್ಗಲಿಲ್ಲ.

ಈ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ದೇವರ ಒಡವೆಗಳ ಪಟ್ಟಿ ಪ್ರಕಟಿಸಿ ಎಂದಾಗಲೆಲ್ಲ ಬರುವ ಉತ್ತರ ಒಂದೇ: ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಶಬರಿಮಲೆಯಲ್ಲಿ ಯಾವ ಪಟ್ಟಿ ಪ್ರಕಟವಾಗಿತ್ತು? ಎಲ್ಲಿ ಏನಿದೆ ಎಂದು ತಿಳಿಯದೇ ಉಳಿಯುವವರು ಹರಕೆ ಹೊತ್ತು, ಕೂಲಿಯ ದುಡ್ಡು ಕೂಡಿಸಿ, ಅಮ್ಮನಿಗೆ ಒಂದು ಗುಂಡು, ಒಂದು ತಾಳಿ ಮಾಡಿಸಿಕೊಟ್ಟ ಜನ.

ಕರ್ನಾಟಕದಲ್ಲಿ ಮುಜರಾಯಿ ಇಲಾಖೆಯಡಿ 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಿವೆ. ಹೆಚ್ಚಿನವು 'ಸಿ' ದರ್ಜೆಯವು, ವರ್ಷದ ಆದಾಯ ದೀಪದೆಣ್ಣೆಗೂ ಸಾಲದ ಗುಡಿಗಳು. ಆದರೆ ಒಂದು ಬೆಳ್ಳಿ ಮುಖವಾಡ, ಒಂದು ಜೊತೆ ಚಿನ್ನದ ಕಣ್ಣು ಇಲ್ಲದ ಗ್ರಾಮದೇವತೆ ಅಪರೂಪ. ತಾಲ್ಲೂಕಿಗೆ ಒಂದು ದಿನ ಗೊತ್ತು ಮಾಡಿ, ಉಪಖಜಾನೆಯಲ್ಲಿರುವ ಪೆಟ್ಟಿಗೆಗಳನ್ನು ಊರಿನವರ, ಅರ್ಚಕರ, ತಹಶೀಲ್ದಾರರ ಮುಂದೆ ತೆರೆಯಲಿ. ಒಬ್ಬ ಅಕ್ಕಸಾಲಿ ಒರೆಗಲ್ಲು, ತಕ್ಕಡಿ ತರಲಿ. ಹೆಸರು, ತೂಕ, ಕಲ್ಲು ಎಷ್ಟು, ಒಂದು ಫೋಟೊ, ಇಷ್ಟನ್ನು ಬರೆದು ಆ ಹಾಳೆಯ ಒಂದು ಪ್ರತಿಯನ್ನು ಗುಡಿಯ ಗೋಡೆಗೇ ಅಂಟಿಸಲಿ. ಖಜಾನೆಯಲ್ಲಿ ಇಲ್ಲದೆ ಯಾರದೋ ಮನೆಯ ಬೀರುವಿನಲ್ಲಿರುವ ಒಡವೆಯೂ ಅದೇ ದಿನ ಬರಲಿ. ಮೇಲುಕೋಟೆಯ ಪಾರ್ಕಾವಣೆಗೆ ಬೇಕಾಗುವುದಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಡ.

ನಮ್ಮೂರ ಮಾರಮ್ಮನಿಗೆ ಅಜ್ಜಿ ಕೊಟ್ಟ ಮೂಗುತಿಯೊಂದಿದೆ, ಕೆಂಪು ಕಲ್ಲಿನದು. ಕಳೆದ ಹಬ್ಬದಲ್ಲಿ ಅಮ್ಮನ ಮುಖದ ಮೇಲೆ ಅದನ್ನು ಹುಡುಕಿದೆ, ಕಾಣಲಿಲ್ಲ. ಪೂಜಾರಿಯ ಮಗ "ಪೆಟ್ಟಿಗೇಲಿ ಐತೆ ಕಣಣ್ಣ, ಹೆದ್ರಿಕೆ ಅಂತ ಇಡ್ಸಿದ್ದೀವಿ" ಎಂದ. ಯಾವ ಪೆಟ್ಟಿಗೆ, ಎಲ್ಲಿ, ಯಾರು ಸಹಿ ಮಾಡಿ ಇಟ್ಟರು ಎಂದು ಕೇಳಿದ್ದಕ್ಕೆ ಅವನು ತನ್ನ ಅಪ್ಪನ ಮುಖ ನೋಡಿದ, ಅವನ ಅಪ್ಪ ಊರ ಯಜಮಾನರ ಮುಖ ನೋಡಿದರು.