ಆರುನೂರು ರೂಪಾಯಿಯ ಹಾಸಿಗೆಯೂ ಕರಾವಳಿಯ ವ್ಯಾಪಾರವೂ

ಮಳೆ ಹಿಂದೆಗೆದು ಅಕ್ಟೋಬರ್ ತಿಂಗಳು ಕಾಲಿಡುತ್ತಿದ್ದಂತೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದು ಬಗೆಯ ಪ್ರಯಾಣಿಕರ ಸಂಚಾರ ಹೆಚ್ಚುತ್ತದೆ. ನಾಲ್ಕೈದು ಮಂದಿ ಗೆಳೆಯರು, ಒಂದು ಬಾಡಿಗೆ ಕಾರು ಅಥವಾ ಎರಡು ಮೂರು ಮೋಟಾರ್ ಸೈಕಲ್ಲುಗಳು, ಹಿಂದೆ ಬಿಗಿದ ಬೆನ್ನುಚೀಲಗಳು. 2010ರಲ್ಲಿ ಸಂಖ್ಯೆ ಬದಲಾದರೂ ಹಳಬರ ಬಾಯಲ್ಲಿ ಇಂದಿಗೂ ‘ಹದಿನೇಳು’ ಆಗಿಯೇ ಉಳಿದಿರುವ ಈ ರಸ್ತೆಯಲ್ಲಿ ಅವರು ತಲಪಾಡಿಯಿಂದ ಮಾಜಾಳಿಯವರೆಗೆ ಸಾಗುತ್ತಾರೆ. ಮಲ್ಪೆಯಲ್ಲಿ ಒಂದು ದಿನ, ಒಂದು ಬದಿಗೆ ಸೌಪರ್ಣಿಕೆ ಇನ್ನೊಂದು ಬದಿಗೆ ಸಮುದ್ರವಿರುವ ಮರವಂತೆಯಲ್ಲಿ ಒಂದು ಗಂಟೆ, ಮುರ್ಡೇಶ್ವರದಲ್ಲಿ ಒಂದು ಸಂಜೆ, ಗೋಕರ್ಣದಲ್ಲಿ ಎರಡು ಮೂರು ರಾತ್ರಿ. ಇವರಲ್ಲಿ ಬಹುಮಂದಿ ತಂಗುವುದು ಕೋಣೆಯ ಬದಲು ಒಂದೊಂದೇ ಹಾಸಿಗೆಯನ್ನು ಬಾಡಿಗೆಗೆ ಕೊಡುವ ಅಗ್ಗದ ಹಾಸ್ಟೆಲುಗಳಲ್ಲಿ.

ಈ ಗಿರಾಕಿಯ ಬಗ್ಗೆ ವರ್ತಕ ವಲಯದಲ್ಲಿ ಒಂದು ತಾತ್ಸಾರವಿದೆ. ಹಾಸಿಗೆಗೆ ಐನೂರು ಆರುನೂರು ರೂಪಾಯಿ ಕೊಡುವವನು ಊರಿಗೆ ಏನು ಕೊಟ್ಟಾನು ಎಂಬುದು ಅದರ ತಿರುಳು. ಪ್ರವಾಸೋದ್ಯಮವೆಂದರೆ ರೆಸಾರ್ಟುಗಳು, ಬಂಡವಾಳ ಹೂಡಿಕೆಯ ಒಪ್ಪಂದಗಳು ಎಂದೇ ಭಾವಿಸುವ ಸರಕಾರಿ ದೃಷ್ಟಿಯೂ ಇದಕ್ಕೆ ಪೂರಕವಾಗಿದೆ. ಆದರೆ ಹಣ ಯಾವ ಗಲ್ಲಾಪೆಟ್ಟಿಗೆಯನ್ನು ಸೇರುತ್ತದೆ ಎಂಬುದನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. ರೆಸಾರ್ಟಿನ ಅತಿಥಿ ಅಲ್ಲಿಯೇ ಉಣ್ಣುತ್ತಾನೆ, ಅಲ್ಲಿಯೇ ಬಟ್ಟೆ ಒಗೆಸುತ್ತಾನೆ, ಕೊನೆಗೆ ಒಂದೇ ಬಿಲ್ಲು ಪಾವತಿಸಿ ಹೊರಡುತ್ತಾನೆ. ಹಾಸ್ಟೆಲಿನ ಅತಿಥಿಗೆ ಆ ಸೌಕರ್ಯವಿಲ್ಲ. ಬೆಳಗಿನ ನೀರ್‌ದೋಸೆಗೆ ರಸ್ತೆಬದಿಯ ಹೋಟೆಲು, ಮಧ್ಯಾಹ್ನದ ಬಂಗುಡೆ ಊಟಕ್ಕೆ ಖಾನಾವಳಿ, ಸಂಜೆಗೆ ಗೋಳಿಬಜೆ. ಪಂಕ್ಚರ್ ಅಂಗಡಿ, ಬಾಡಿಗೆ ಸ್ಕೂಟರು, ದೋಣಿಯವ, ಧೋಬಿ, ಮರೆತುಬಂದ ಚಾರ್ಜರಿಗೆ ಮೊಬೈಲ್ ಅಂಗಡಿ, ಊರಿಗೆ ಒಯ್ಯಲು ಗೋಡಂಬಿ ಮತ್ತು ಪುನರ್ಪುಳಿಯ ಶರಬತ್ತು. ಅವನ ಖರ್ಚು ಸಣ್ಣ ಸಣ್ಣ ಮೊತ್ತಗಳಲ್ಲಿ ಹತ್ತಾರು ಅಂಗಡಿಗಳಿಗೆ ಹಂಚಿಹೋಗುತ್ತದೆ. ಅದೇ ಕಾರಣಕ್ಕೆ ಯಾರ ಲೆಕ್ಕದ ಪುಸ್ತಕದಲ್ಲೂ ಅದು ಎದ್ದುಕಾಣುವುದಿಲ್ಲ.

ಅಪರಿಚಿತರು ಒಂದೇ ಹಜಾರದಲ್ಲಿ ಮಲಗುವುದು ಈ ತೀರಕ್ಕೆ ಹೊಸ ಪದ್ಧತಿಯೇನೂ ಅಲ್ಲ. ಗೋಕರ್ಣದ ಯಾತ್ರಿಕರು ಪುರೋಹಿತರ ಮನೆಯ ಜಗುಲಿಗಳಲ್ಲಿ ಚಾಪೆ ಹಾಸಿದವರು. ಛತ್ರಗಳ ಸಂಪ್ರದಾಯವಂತೂ ಎಲ್ಲ ಕ್ಷೇತ್ರಗಳಲ್ಲಿಯೂ ಇತ್ತು. ಯುರೋಪಿನ ಯುವ ಹಾಸ್ಟೆಲು ಪದ್ಧತಿಗೆ ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್ಮನ್ 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ನೆಲೆ ಒದಗಿಸಿದಾಗ, ಆ ಕಲ್ಪನೆ ಈ ಕರಾವಳಿಯವರಿಗೆ ವಿಚಿತ್ರವೆನಿಸುತ್ತಿರಲಿಲ್ಲ.

ವಿಚಿತ್ರವೆನಿಸುವುದು ಇಂದಿನ ನಿಯಮಗಳ ವರ್ತನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣದಂತೆ ಹೋಮ್‌ಸ್ಟೇ ಎಂದರೆ ಒಂದರಿಂದ ಆರು ಕೋಣೆಗಳು, ಹೆಚ್ಚೆಂದರೆ 12 ಹಾಸಿಗೆಗಳು, ಮಾಲೀಕನ ಕುಟುಂಬವೂ ಅಲ್ಲಿಯೇ ವಾಸವಿರಬೇಕು. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯೂ ಮೀನುಗಾರರೂ ಸೇರಿದಂತೆ ಸ್ಥಳೀಯರಿಗೆ ಇರುವ ಮನೆಯ ತಳವಿಸ್ತೀರ್ಣ, ಹೊರನೋಟಗಳನ್ನು ಬದಲಿಸದೆ ಹೋಮ್‌ಸ್ಟೇ ನಡೆಸಲು ಅವಕಾಶ ಕೊಡುತ್ತದೆ. ಬಾಡಿಗೆಯ ಹಂಚಿನ ಮನೆಯಲ್ಲಿ ಇಪ್ಪತ್ತು ಹಾಸಿಗೆ ಹಾಕಿದವನು ಈ ಚೌಕಟ್ಟಿನೊಳಗೆ ಬರುವುದಿಲ್ಲ. ಲಾಡ್ಜಿನ ಅಳತೆಗೋಲಿನಿಂದ ಅಳೆದರೂ ಸರಿಹೊಂದುವುದಿಲ್ಲ, ಏಕೆಂದರೆ ಅಲ್ಲಿಯ ಲೆಕ್ಕವೆಲ್ಲ ಕೋಣೆಗಳದು. ಪರಿಣಾಮವಾಗಿ ಕೆಲವರು ಹೋಮ್‌ಸ್ಟೇ ಎಂದು ಬರೆಸಿಕೊಂಡು ಹಾಸ್ಟೆಲು ನಡೆಸುತ್ತಾರೆ. ಇದು ತಪ್ಪು, ಎರಡನೆಯ ನಿರ್ಗಮನ ದ್ವಾರವಿಲ್ಲದ ಮಹಡಿಯಲ್ಲಿ ಹತ್ತು ಮಂದಿಯನ್ನು ಮಲಗಿಸುವುದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಹಾಸಿಗೆಯ ಲೆಕ್ಕದಲ್ಲಿ ಒಂದು ವರ್ಗವನ್ನೇ ರೂಪಿಸದ ಆಡಳಿತವು ಎಷ್ಟು ಹಾಸಿಗೆಗೆ ಎಷ್ಟು ಶೌಚಾಲಯ, ಎಷ್ಟು ಬಾಗಿಲು ಎಂದು ಕೇಳುವುದಾದರೂ ಹೇಗೆ?

ಇದಕ್ಕಿಂತ ಗಂಭೀರವಾದುದು ತೆರಿಗೆಯ ಪ್ರಶ್ನೆ. ದಿನಕ್ಕೆ 1,000 ರೂ.ವರೆಗಿನ ವಸತಿಗೆ 2022ರ ಜುಲೈ 17ರವರೆಗೆ ಸರಕು ಮತ್ತು ಸೇವಾ ತೆರಿಗೆಯ ವಿನಾಯಿತಿ ಇತ್ತು. ಮರುದಿನದಿಂದ ಶೇ. 12 ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ವಸತಿಗೆ ದರವನ್ನು ಶೇ. 5ಕ್ಕೆ ಇಳಿಸಲಾಯಿತು, ಜೊತೆಗೆ ಹೂಡುವಳಿ ತೆರಿಗೆಯ ಜಮೆಯನ್ನೂ ತೆಗೆದುಹಾಕಲಾಯಿತು. ಜಮೆ ಸಹಿತ ಹೆಚ್ಚಿನ ದರವನ್ನು ಆರಿಸಿಕೊಳ್ಳುವ ಅವಕಾಶವೂ ಇಲ್ಲ. ಅತಿಥಿಗೆ ಇದು ಲಾಭವೇ ಸರಿ: 600 ರೂ. ಹಾಸಿಗೆಯ ಮೇಲೆ 72 ರೂ. ಬದಲು 30 ರೂ. ನಡೆಸುವವನ ಲೆಕ್ಕವೇ ಬೇರೆ.

ಇಪ್ಪತ್ತು ಹಾಸಿಗೆಗಳ ಒಂದು ಹಾಸ್ಟೆಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ವರ್ಷದುದ್ದಕ್ಕೂ ಸರಾಸರಿ ಅರ್ಧ ತುಂಬಿದರೂ 600 ರೂ.ನಂತೆ ವಹಿವಾಟು 21.90 ಲಕ್ಷ ರೂ. ಆಗುತ್ತದೆ, 20 ಲಕ್ಷದ ಮಿತಿ ದಾಟಿದ್ದರಿಂದ ನೋಂದಣಿ ಕಡ್ಡಾಯ. ನೋಂದಾಯಿತನಾದೊಡನೆ, ನೋಂದಣಿಯಿಲ್ಲದ ಮನೆಮಾಲೀಕನಿಗೆ ಕೊಡುವ ಬಾಡಿಗೆಯ ಮೇಲೆ ಶೇ. 18 ತೆರಿಗೆಯನ್ನು ಹಿಮ್ಮುಖ ಪಾವತಿಯ ನಿಯಮದಂತೆ ಬಾಡಿಗೆದಾರನೇ ಕಟ್ಟಬೇಕು. ವಾಸದ ಮನೆಗಳಿಗೆ ಈ ನಿಯಮ 2022ರ ಜುಲೈ 18ರಿಂದಲೂ ವಾಣಿಜ್ಯ ಕಟ್ಟಡಗಳಿಗೆ 2024ರ ಅಕ್ಟೋಬರ್ 10ರಿಂದಲೂ ಅನ್ವಯಿಸಿದೆ. ತಿಂಗಳ ಬಾಡಿಗೆ 50,000 ರೂ. ಎಂದಾದರೆ ತೆರಿಗೆ 9,000 ರೂ. ಹಿಂದೆ ಇದನ್ನು ಜಮೆಯಾಗಿ ಹಿಂಪಡೆಯಬಹುದಿತ್ತು, ಈಗ ಅದು ಶುದ್ಧ ಖರ್ಚು. ಅಂದರೆ ತಿಂಗಳಿಗೆ ಹದಿನೈದು ಹಾಸಿಗೆ-ರಾತ್ರಿಗಳ ಆದಾಯ ಬಾಡಿಗೆಯ ತೆರಿಗೆಗೇ ಸಂದಾಯ. ಮಳೆಗಾಲದಲ್ಲಿ ಹಾಸಿಗೆಗಳು ಖಾಲಿ ಬಿದ್ದಿರುವಾಗಲೂ ಈ ಮೊತ್ತ ಒಂದು ರೂಪಾಯಿಯಷ್ಟೂ ಇಳಿಯುವುದಿಲ್ಲ. ಮಂಚ, ಹಾಸಿಗೆ, ಫ್ಯಾನುಗಳ ಮೇಲಿನ ತೆರಿಗೆ, ಬುಕಿಂಗ್ ಜಾಲತಾಣದ ಕಮಿಷನ್ ಮೇಲಿನ ಶೇ. 18 ತೆರಿಗೆ ಇವೆಲ್ಲ ಇದರ ಮೇಲೆ. 20 ಲಕ್ಷದೊಳಗೆ ಉಳಿದ ಚಿಕ್ಕವನಿಗೂ ಪೂರ್ತಿ ಬಿಡುಗಡೆಯಿಲ್ಲ. ಜಾಲತಾಣದ ಮೂಲಕ ಬಂದ ಅತಿಥಿಯ ವಸತಿಗೆ ಜಾಲತಾಣವೇ ತೆರಿಗೆ ವಸೂಲು ಮಾಡಿ ಕಟ್ಟುತ್ತದೆ.

ಹಳೆಯ ವಿನಾಯಿತಿಯನ್ನು ಮರಳಿ ಕೇಳುವುದು ನ್ಯಾಯವೇ ಆದರೂ, ದರವನ್ನು ಇದೀಗಷ್ಟೇ ಇಳಿಸಿದ ಜಿ.ಎಸ್.ಟಿ. ಮಂಡಳಿ ಅದಕ್ಕೆ ಸುಲಭವಾಗಿ ಒಪ್ಪಲಾರದು. ಶೇ. 5ರ ವರ್ಗದ ಸಣ್ಣ ವಸತಿಗೃಹಗಳಿಗೆ ಬಾಡಿಗೆಯ ಮೇಲಿನ ಹಿಮ್ಮುಖ ತೆರಿಗೆಯನ್ನಾದರೂ ಕೈಬಿಡಬೇಕೆಂಬ ಬೇಡಿಕೆ ಹೆಚ್ಚು ಕಾರ್ಯಸಾಧ್ಯ. ವಾಣಿಜ್ಯ ಸಂಘಗಳು ರಾಜ್ಯದ ಹಣಕಾಸು ಇಲಾಖೆಯ ಮೂಲಕ ಮಂಡಳಿಯ ಮುಂದಿಡಬೇಕಾದದ್ದು ಇದನ್ನೇ. ಬಾಡಿಗೆ ಕಟ್ಟಡವನ್ನೇ ನೆಚ್ಚಿದ ಸ್ಥಳೀಯ ಯುವಕನಿಗೆ ಈ ಭಾರ ಬೀಳುತ್ತದೆ. ಸ್ವಂತ ಕಟ್ಟಡವಿರುವ ದೊಡ್ಡವರಿಗೆ ಇದು ತಟ್ಟುವುದೇ ಇಲ್ಲ.

ಸಣ್ಣ ಕೈಗಾರಿಕೆಗಳಿಗೂ ಇಲ್ಲೊಂದು ಕೆಲಸವಿದೆ. ಎರಡಂತಸ್ತಿನ ಉಕ್ಕಿನ ಮಂಚ, ಬೀಗವಿರುವ ಕಪಾಟು, ನಾರಿನ ಹಾಸಿಗೆ, ದಿಂಬುಗವಸು, ಬಿಸಿಲಿನಿಂದ ನೀರು ಕಾಯಿಸುವ ಸಾಧನ: ಇವುಗಳಲ್ಲಿ ಬೈಕಂಪಾಡಿಯ ಅಥವಾ ಮಣಿಪಾಲದ ಕೈಗಾರಿಕಾ ಪ್ರದೇಶದ ವರ್ಕ್‌ಶಾಪುಗಳಿಗೆ ಅಸಾಧ್ಯವಾದುದು ಯಾವುದೂ ಇಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿಯದ ಮಂಚ ಹೇಗಿರಬೇಕೆಂಬುದು ದೂರದ ನಗರದ ತಯಾರಕನಿಗಿಂತ ಇಲ್ಲಿಯ ವೆಲ್ಡರಿಗೆ ಚೆನ್ನಾಗಿ ಗೊತ್ತು. ಸರಪಳಿ ಹಾಸ್ಟೆಲುಗಳು ಒಟ್ಟಾಗಿ ಖರೀದಿಸುವುದರಿಂದ ಒಬ್ಬೊಬ್ಬ ತಯಾರಕ ಅವರ ಬಾಗಿಲು ತಟ್ಟಿ ಫಲವಿಲ್ಲ. ನಾಲ್ಕಾರು ಘಟಕಗಳು ಸೇರಿ ದರಪಟ್ಟಿ ಕೊಡಬೇಕಾಗುತ್ತದೆ.

ಉಳಿದ ಮಾತು ರಸ್ತೆಯದು, ಕಡಲಿನದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಉರುಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡ ಬಳಿಕ ಕಡಲತೀರಕ್ಕೆ ಪ್ರವೇಶವನ್ನೇ ನಿಷೇಧಿಸಲಾಯಿತು, ಅದೂ ಪ್ರವಾಸದ ಋತು ಏರುತ್ತಿದ್ದ ಹೊತ್ತಿನಲ್ಲಿ. ಆ ನಿಷೇಧವನ್ನು ಟೀಕಿಸುವುದು ಮನುಷ್ಯತ್ವವಲ್ಲ. ಆದರೆ ಸಾಕಷ್ಟು ಜೀವರಕ್ಷಕರನ್ನು ಮೊದಲೇ ನೇಮಿಸಿ, ಅಪಾಯದ ಜಾಗಕ್ಕೆ ಬೇಲಿ ಹಾಕಿಸುವ ಖರ್ಚು ಎಷ್ಟು, ತೀರ ಮುಚ್ಚಿದಾಗ ಎಳನೀರು ಮಾರುವವನಿಂದ ಲಾಡ್ಜಿನ ಮಾಲೀಕನವರೆಗೆ ಆಗುವ ನಷ್ಟ ಎಷ್ಟು ಎಂಬ ಲೆಕ್ಕವನ್ನು ವರ್ತಕರೇ ಮಾಡಿ ಜಿಲ್ಲಾಡಳಿತದ ಮುಂದಿಡಬಹುದು. 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ ಸುರಕ್ಷತೆಯೂ ಒಂದು ಕಡ್ಡಾಯ ಮಾನದಂಡವಾಗಿತ್ತು. ಜೀವರಕ್ಷಕರ ನೇಮಕಕ್ಕೆ ಹೊಸ ಋತು ಆರಂಭವಾಗುವವರೆಗೆ ಕಾಯುವುದು ತಡವಾದೀತು. ಮನವಿಯು ಮಳೆಗಾಲದಲ್ಲೇ ಜಿಲ್ಲಾಧಿಕಾರಿಗಳ ಮೇಜು ತಲುಪಬೇಕು.