ಮುತ್ತಿನ ಭಾರ

ಮೈಮೇಲಿನ ಒಂದು ಸರ ಮನೆತನದ ಕಥೆ ಹೇಳಬಲ್ಲದು. ಅಮೆರಿಕದಲ್ಲಿ ನೆಲೆಸಿದ ಐರಿಷ್ ಮೂಲದವರು ಹಸಿರು ಕಲ್ಲಿನ ಪದಕ ಧರಿಸಿ ಹಿರಿಯರ ನಾಡನ್ನು ನೆನೆಯುತ್ತಾರೆ. ನಮ್ಮ ಬೈಲಹೊಂಗಲ, ಕಿತ್ತೂರುಗಳಲ್ಲಿ ಅಜ್ಜಿಯ ಬೋರಮಾಳ ಸರ ಮೊಮ್ಮಗಳ ಕೊರಳಿಗೆ ಬರುತ್ತದೆ. ಎರಡೂ ಹೆಮ್ಮೆಯ ಮಾತೇ.

ಆದರೆ ಸವದತ್ತಿಯ ಸೀಮೆಯಲ್ಲಿ ‘ಮುತ್ತು’ ಎಂಬ ಮಾತಿಗೆ ಬೇರೊಂದು ನೆನಪೂ ಇದೆ. ಎಲ್ಲಮ್ಮನ ಹೆಸರಿನಲ್ಲಿ ಕೆಂಪು-ಬಿಳಿ ಮಣಿಗಳ ಸರ ಕಟ್ಟಿಸಿಕೊಂಡ ಬಾಲಕಿ ದೇವದಾಸಿಯಾಗುತ್ತಿದ್ದಳು. ಅವಳಿಗೆ ಮದುವೆಯಿಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ಹೆಚ್ಚಿನವರು ಬಡ ದಲಿತರ ಮನೆಯ ಹುಡುಗಿಯರು.

ಬೆಳಗಾವಿ ಜಿಲ್ಲೆ ಆಗ ಸೇರಿದ್ದ ಮುಂಬಯಿ ಪ್ರಾಂತ್ಯ 1934ರಲ್ಲಿಯೇ ಇದನ್ನು ನಿಷೇಧಿಸಿತು. ಪದ್ಧತಿ ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕ ಮತ್ತೊಂದು ಕಾಯ್ದೆ ತಂದಿತು. ಹುಡುಗಿ ಒಪ್ಪಿದ್ದರೂ ಮುತ್ತು ಕಟ್ಟುವುದು ಅಪರಾಧವೆಂದಿತು. ಹೆತ್ತವರೇ ಕಟ್ಟಿಸಿದರೆ ಶಿಕ್ಷೆಯನ್ನು ಇನ್ನೂ ಹೆಚ್ಚಿಸಿತು.

ಗುಡ್ಡಕ್ಕೆ ಹೋಗಿ, ಭಂಡಾರ ಹಚ್ಚಿಕೊಂಡು, ಉಧೋ ಎನ್ನಲು ಯಾರ ಅಡ್ಡಿಯೂ ಇಲ್ಲ. ಭಕ್ತಿಗೆ ಮಗಳ ಬಾಳು ಹರಕೆಯಾಗಬೇಕಿಲ್ಲ, ಅಷ್ಟೇ.

ವಿದ್ಯಾರ್ಥಿಗಳೇ, ಬೇಡವೆನಿಸಿದಾಗ ತೆಗೆದಿಡಬಹುದಾದ ಸರ ಒಡವೆ. ತೆಗೆಯಲು ಬಾರದ್ದು ಸಂಕೋಲೆ. ಹಿರಿಯರಿಂದ ಬಂದದ್ದನ್ನೆಲ್ಲ ಈ ಒರೆಗಲ್ಲಿಗೆ ಹಚ್ಚಿ ನೋಡಿ. ಪಾಲಕರೇ, ಮಗಳ ಕೊರಳಿಗೆ ಏನನ್ನೇ ಹಾಕುವ ಮುನ್ನ ಅವಳ ಓದು ಮುಗಿಯಲು ಬಿಡಿ.