ಸೂಕ್ಷ್ಮಜೀವಿಗಳ ಸಾಬೂನು: ಒಂದು ವಿಚಾರ

ನಮ್ಮ ಶಾಲೆಗಳಲ್ಲಿ ಬ್ಯಾಕ್ಟೀರಿಯಾ ಎಂಬ ಶಬ್ದವನ್ನು ಬಾಲಕರು ಮೊದಲು ಕೇಳುವುದು ಬಹುಮಟ್ಟಿಗೆ ರೋಗದ ಪಾಠದಲ್ಲಿ. ಕಾಲರಾ, ಕ್ಷಯ, ವಿಷಮಶೀತಜ್ವರಗಳ ಪಟ್ಟಿಯೊಡನೆ ಆ ಜೀವಿಯ ಪರಿಚಯವಾಗುತ್ತದೆ; ಹಾಲು ಹೆಪ್ಪಾಗುವ ಮಾತು ಕೊನೆಯಲ್ಲೊಂದು ವಾಕ್ಯವಾಗಿ ಬಂದುಹೋಗುತ್ತದೆ. ಇದು ಸುಳ್ಳು ಪಾಠವಲ್ಲ, ಅರ್ಧ ಪಾಠ. ಉಳಿದರ್ಧವನ್ನು ಬೋಧಿಸಲು ಬ್ಯಾಕ್ಟೀರಿಯಾಗಳು ತಾವೇ ತಯಾರಿಸಿಕೊಳ್ಳುವ ಸಾಬೂನಿಗಿಂತ ಉತ್ತಮವಾದ ವಿಷಯವಿಲ್ಲವೆಂಬುದು ನನ್ನ ಅಭಿಪ್ರಾಯ. ಸಾಬೂನೆಂಬುದು ಇಲ್ಲಿ ಸಡಿಲವಾದ ಮಾತು. ವಿಜ್ಞಾನಿಗಳು ಇವನ್ನು ಬಯೋಸರ್ಫ್ಯಾಕ್ಟಂಟ್ ಎಂದು ಕರೆಯುತ್ತಾರೆ.

ಅಂಟುವಾಳಕಾಯಿಯ ನೊರೆಯನ್ನು ಕಂಡವರಿಗೆ ಇದರ ತತ್ತ್ವ ಹೊಸದಲ್ಲ. ಇಂಥ ಪದಾರ್ಥದ ಅಣುವಿಗೆ ಎರಡು ತುದಿ: ಒಂದು ನೀರನ್ನು ಬಯಸುತ್ತದೆ, ಮತ್ತೊಂದು ಎಣ್ಣೆಯನ್ನು. ಆದುದರಿಂದ ಅದು ಎರಡರ ಗಡಿಯಲ್ಲಿ ನಿಂತು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಶುದ್ಧ ನೀರಿನಲ್ಲಿ ಈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯದಿಂದ ಜಪಾನೀ ವಿಜ್ಞಾನಿಗಳು 1968ರಲ್ಲಿ ಬೇರ್ಪಡಿಸಿದ ಸರ್ಫ್ಯಾಕ್ಟಿನ್, ಅತ್ಯಲ್ಪ ಪ್ರಮಾಣದಲ್ಲಿಯೇ, ಅದನ್ನು ಸುಮಾರು 27ಕ್ಕೆ ಇಳಿಸಬಲ್ಲದು. ಸ್ಯೂಡೊಮೊನಾಸ್ ಏರುಜಿನೋಸಾ ತಯಾರಿಸುವ ರಾಮ್ನೋಲಿಪಿಡ್‌ಗಳ ವರ್ಣನೆ 1949ರಲ್ಲೇ ಪ್ರಕಟವಾಗಿತ್ತು.

ಬಟ್ಟೆ ಒಗೆಯುವ ಕೆಲಸವಿಲ್ಲದ ಈ ಜೀವಿಗೆ ಸಾಬೂನೇಕೆ? ನೀರಿನಲ್ಲಿ ಕರಗದ ಎಣ್ಣೆಯನ್ನು ಆಹಾರವಾಗಿ ಪಡೆಯಬೇಕಾದರೆ ಅದನ್ನು ಸಣ್ಣ ಹನಿಗಳಾಗಿ ಒಡೆಯಬೇಕು. ಒದ್ದೆಯಾದ ಮೇಲ್ಮೈಯ ಮೇಲೆ ಗುಂಪುಗುಂಪಾಗಿ ಜಾರಿ ಹರಡಲೂ ಅದು ಬೇಕು. ಹಲವು ಸಂದರ್ಭಗಳಲ್ಲಿ ಅದು ಶತ್ರುಗಳ ಮೇಲಿನ ಆಯುಧವೂ ಹೌದು. ಇದೇ ರಾಮ್ನೋಲಿಪಿಡ್ ರೋಗಿಯ ಶ್ವಾಸಕೋಶದಲ್ಲಿ ರಕ್ಷಣೆಗೆ ಬಂದ ಬಿಳಿಯ ರಕ್ತಕಣಗಳನ್ನು ನಾಶಮಾಡುತ್ತದೆ. ಸರ್ಫ್ಯಾಕ್ಟಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. 'ಜೈವಿಕ' ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಪದಾರ್ಥವೊಂದು ನಿರುಪದ್ರವಿ ಎಂದು ಸಾರುವ ಜಾಹೀರಾತುಗಳನ್ನು ನಾನು ಒಪ್ಪಲಾರೆ. ಇವು ಬೇಗನೆ ಕೊಳೆತು ಮಣ್ಣು ಸೇರುತ್ತವೆ ಎಂಬುದೇ ಇವುಗಳ ನಿಜವಾದ ಹೆಗ್ಗಳಿಕೆ.

ಆಯುಧವೆಂದೆನಷ್ಟೆ. ಫೈಟಾಪ್ಥೊರಾ ಕುಲದ ರೋಗಾಣುಗಳು ನೀರಿನಲ್ಲಿ ಈಜುವ ಬೀಜಕಣಗಳ ಮೂಲಕ ಹರಡುತ್ತವೆ. ಆ ಕಣಗಳಿಗೆ ಗಟ್ಟಿಯಾದ ಹೊರಗೋಡೆಯಿಲ್ಲ. ರಾಮ್ನೋಲಿಪಿಡ್ ತಾಗಿದೊಡನೆ ಅವು ಒಡೆದುಹೋಗುತ್ತವೆ ಎಂದು ಅಮೆರಿಕದ ಸಂಶೋಧಕರು 1997ರಲ್ಲಿ ವರದಿಮಾಡಿದರು. ಮಲೆನಾಡಿನ ಅಡಿಕೆಗೆ ಮಳೆಗಾಲದಲ್ಲಿ ತಗಲುವ ಕೊಳೆರೋಗದ ಕಾರಣವೂ ಇದೇ ಕುಲದ್ದು. ನಮ್ಮ ತೋಟಿಗರು ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವನ್ನೇ ನಂಬಿದ್ದಾರೆ, ನಂಬಿಕೆ ಸಾರ್ಥಕವೂ ಆಗಿದೆ. ಅದನ್ನು ಕೈಬಿಡಿರೆಂದು ಹೇಳುವುದು ಅವಿವೇಕ. ಆದರೆ ವರ್ಷವರ್ಷವೂ ಮಣ್ಣಿಗಿಳಿಯುವ ತಾಮ್ರವನ್ನು ನೆನೆದರೆ, ಗಾಜಿನ ಬಟ್ಟಲಿನಲ್ಲಿ ಕಂಡದ್ದು ಜಡಿಮಳೆಯ ತೋಟದಲ್ಲಿಯೂ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದು ನಮ್ಮವರೇ ಮಾಡಬೇಕಾದ ಕೆಲಸ.

ಉದ್ಯಮದಲ್ಲಿ ಇವುಗಳ ಹಾದಿಗೆ ಅಡ್ಡಬಂದದ್ದು ಬೆಲೆ. ಪೆಟ್ರೋಲಿಯಂ ಮೂಲದ ಮಾರ್ಜಕಗಳು ಅಗ್ಗ; ಇವುಗಳಿಗೋ ತೊಟ್ಟಿಯಲ್ಲಿ ಬೆಳೆಸುವಾಗಲೇ ನೊರೆಯುಕ್ಕಿ ಹರಿಯುವ ತೊಂದರೆ, ಬಳಿಕ ಶುದ್ಧೀಕರಣದ ವೆಚ್ಚ. ಆದರೂ ಜರ್ಮನಿಯ ಇವೊನಿಕ್ ಸಂಸ್ಥೆ 2024ರಲ್ಲಿ ಸ್ಲೊವಾಕಿಯದಲ್ಲಿ ಸಕ್ಕರೆಯಿಂದ ರಾಮ್ನೋಲಿಪಿಡ್ ತಯಾರಿಸುವ ಕಾರ್ಖಾನೆಯನ್ನು ಆರಂಭಿಸಿತು. ಕಾಕಂಬಿಯ ಮೇಲೂ ಇದನ್ನು ಬೆಳೆಸಬಹುದೆಂದು ಪ್ರಯೋಗಗಳು ತೋರಿಸಿವೆ. ಸಕ್ಕರೆ ಕಾರ್ಖಾನೆಗಳಿರುವ ನಾಡಿನ ಯುವಕರಿಗೆ ಈ ಮಾತು ತಿಳಿದಿರಬೇಡವೇ?

ತಿಳಿಸುವುದು ಕಷ್ಟವೂ ಅಲ್ಲ. ಪ್ಲಾಸ್ಟಿಕ್ ಮುಚ್ಚಳವೊಂದಕ್ಕೆ ಎಣ್ಣೆಯನ್ನು ತೆಳುವಾಗಿ ಸವರಿ ನೀರಿನ ಹನಿಯಿಟ್ಟರೆ ಅದು ಉಬ್ಬಿ ನಿಲ್ಲುತ್ತದೆ. ಅಂಟುವಾಳ ನೆನೆಸಿದ ನೀರಿನ ಹನಿ ಚಪ್ಪಟೆಯಾಗಿ ಹರಡುತ್ತದೆ. ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಆರಿಸುವ ಮೊದಲ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ. ಮುಂದೆ ಜೀವಿಯನ್ನೇ ಬೆಳೆಸಿ ತೋರಿಸುವುದಾದರೆ ತರಬೇತಿ ಪಡೆದ ಶಿಕ್ಷಕರು ಬೇಕು, ಮತ್ತು ರೋಗಕಾರಿಯಾದ ಸ್ಯೂಡೊಮೊನಾಸನ್ನು ಶಾಲೆಯ ಹತ್ತಿರವೂ ತರಬಾರದು. ಬ್ಯಾಸಿಲಸ್ ಸಬ್ಟಿಲಿಸ್ ಸಾಕು. ಮಾನ್ಯ ದಾನಿಗಳು ಕೊಠಡಿ ಕಟ್ಟಿಸಿ ಹೆಸರಿನ ಕಲ್ಲು ನೆಡಿಸುವುದು ಸಹಜ. ಗಾಜಿನ ಬಟ್ಟಲು, ಸ್ಪಿರಿಟ್ಟು, ಕುದಿಸುವ ಒತ್ತಡಪಾತ್ರೆ ಇವುಗಳ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲ. ವರ್ಷಕ್ಕೊಮ್ಮೆ ಅವನ್ನು ಹೊಸದಾಗಿ ಕೊಳ್ಳಲೂ ಬೇಕಾಗುತ್ತದೆ. ಹಳೆಯ ವಿದ್ಯಾರ್ಥಿಗಳು ಕೂಡಿ ಆ ವಾರ್ಷಿಕ ವೆಚ್ಚಕ್ಕೆಂದೇ ಒಂದು ಸಣ್ಣ ಶಾಶ್ವತ ನಿಧಿಯನ್ನಿಟ್ಟರೆ, ಅದರ ಬಡ್ಡಿಯಲ್ಲಿಯೇ ಈ ಪಾಠ ನಡೆದೀತು.